ಯುವ ಮತದಾರರ ಜಾಗೃತಿ (ಚಾಮರಾಜನಗರ, ಗುಂಡ್ಲುಪೇಟೆ)

ಹದಿನೆಂಟು ತುಂಬಿದವರನ್ನು ಮತಗಟ್ಟೆಗೆ ಕರೆತರುವ ಕೆಲಸ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಒಂದು ಮತದ ಬೆಲೆ ತಿಳಿಯಲು ಈ ಜಿಲ್ಲೆಯ ಯುವಜನ ದೂರ ನೋಡಬೇಕಿಲ್ಲ: 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ವಿರುದ್ಧ ಗೆದ್ದದ್ದು ಒಂದೇ ಮತದಿಂದ. ಕಾಲೇಜುಗಳಲ್ಲಿ ಮೊದಲು ಹೇಳಬೇಕಾದ ಸಂಗತಿ ಇದೇ. ಗುಂಡ್ಲುಪೇಟೆಯ ಹೆಣ್ಣುಮಕ್ಕಳಿಗೆ ಕೆ.ಎಸ್. ನಾಗರತ್ನಮ್ಮನವರ ಹೆಮ್ಮೆಯ ಮಾದರಿಯೂ ಉಂಟು. ಈ ಕ್ಷೇತ್ರವನ್ನು ಹಲವು ಬಾರಿ ಪ್ರತಿನಿಧಿಸಿದ ಅವರು ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು. ಹೆಸರು ನೋಂದಣಿಗೆ ನಮೂನೆ 6 ಸಾಕು. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ಅರ್ಹತಾ ದಿನಾಂಕಗಳು.