ನಾದನಗರಿಯಲ್ಲಿ ಒಂದು ರಾತ್ರಿ

ಓದುಗ ಮಹಾಶಯರೇ, ಅಮೆರಿಕದ ಟೆನೆಸೀ ಸಂಸ್ಥಾನದಲ್ಲಿ ನ್ಯಾಶ್‌ವಿಲ್ ಎಂಬ ಊರುಂಟು. ‘ಸಂಗೀತ ನಗರ’ವೆಂಬುದು ಅದರ ಬಿರುದು. ಪ್ರವಾಸದ ದಾರಿಯಲ್ಲಿ ನೀವು ಅಲ್ಲಿ ಒಂದು ರಾತ್ರಿ ತಂಗಿದಿರೆನ್ನಿ. ರೈಮನ್ ಸಭಾಂಗಣದಲ್ಲಿ ರಾಕ್ ಸಂಗೀತದ ಕಚೇರಿ. ಟಿಕೆಟ್ಟು ಕೊಂಡು ಒಳಗೆ ಹೋಗುತ್ತೀರಿ. ಕೂರಲು ಚರ್ಚಿನಲ್ಲಿರುವಂತಹ ಉದ್ದನೆಯ ಮರದ ಬೆಂಚುಗಳು. ಕಿಟಕಿಗಳಿಗೆ ಬಣ್ಣದ ಗಾಜು. ದೀಪಗಳು ಆರಿ, ವಿದ್ಯುತ್ ಗಿಟಾರು ಮೊರೆಯತೊಡಗುತ್ತದೆ. ಡ್ರಮ್ಮಿನ ಪೆಟ್ಟು ಬೆಂಚಿನ ಹಲಗೆಯಿಂದ ನೇರವಾಗಿ ಎದೆಗೆ ತಾಕುತ್ತದೆ. ನಡುವೆ ಗಾಯಕನು ಮೌತ್ ಆರ್ಗನ್ನನ್ನು ತುಟಿಗೆ ಹಿಡಿಯುತ್ತಾನೆ. ದೇವರ ಮನೆಯಂತಹ ಈ ತಾಣದಲ್ಲಿ ಇಂಥ ಅಬ್ಬರವೇ ಎಂದು ನೀವು ಬೆರಗಾದರೆ ಅದು ಸಹಜ.

ಕಟ್ಟಡ ಕಟ್ಟಿದ್ದು ದೇವರಿಗಾಗಿಯೇ. ಥಾಮಸ್ ರೈಮನ್ ಎಂಬ ಹಡಗಿನ ಒಡೆಯನು 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮೋಪದೇಶಕನ ಮಾತು ಕೇಳಿ ಮನಸ್ಸು ತಿರುಗಿ, ಊರಿನವರೆಲ್ಲ ಉಪದೇಶ ಕೇಳಲು ಒಂದು ಮಂದಿರವನ್ನು ಕಟ್ಟಿಸಲು ಮುಂದಾದನು. 1892ರಲ್ಲಿ ಅದು ಎದ್ದು ನಿಂತಿತು. 1904ರಲ್ಲಿ ಆತನು ತೀರಿಕೊಂಡ ಮೇಲೆ ಆತನ ಹೆಸರೇ ಅದಕ್ಕೆ ನಿಂತಿತು.

ಊರಿಗೆ ಸಂಗೀತದ ಕೀರ್ತಿ ತಂದದ್ದು ಮಾತ್ರ ಬಾನುಲಿ. 1925ರ ನವೆಂಬರ್ 28ರಂದು ಅಲ್ಲಿನ ಡಬ್ಲ್ಯು.ಎಸ್.ಎಂ. ನಿಲಯದಿಂದ ಜಿಮ್ಮಿ ಥಾಂಪ್ಸನ್ ಎಂಬ ವೃದ್ಧರ ಪಿಟೀಲು ಕೇಳಿಬಂತು. ಅದೇ ಪ್ರತಿ ಶನಿವಾರ ರಾತ್ರಿಯ ಹಳ್ಳಿಹಾಡಿನ ಕಾರ್ಯಕ್ರಮವಾಯಿತು. 1927ರ ಒಂದು ರಾತ್ರಿ ಅದಕ್ಕೆ ಮುಂಚೆ ಶಾಸ್ತ್ರೀಯ ಸಂಗೀತದ ಪ್ರಸಾರವಿತ್ತು. ಅದು ಮುಗಿದೊಡನೆ ಡಿಫೋರ್ಡ್ ಬೇಯ್ಲಿ ಎಂಬವರು ಮೌತ್ ಆರ್ಗನ್ನಿನಲ್ಲಿ ‘ಪ್ಯಾನ್ ಅಮೆರಿಕನ್’ ರೈಲಿನ ಓಟವನ್ನೂ ಕೂಗನ್ನೂ ನುಡಿಸಿದರು. ಘೋಷಕ ಜಾರ್ಜ್ ಹೇ, ದೊಡ್ಡವರ ‘ಗ್ರ್ಯಾಂಡ್ ಆಪೆರಾ’ವನ್ನು ಅಣಕಿಸಿ, ತನ್ನ ಕಾರ್ಯಕ್ರಮವನ್ನು ಹಳ್ಳಿಯ ಉಚ್ಚಾರದಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಕರೆದನು. ಆ ಹೆಸರೇ ಉಳಿಯಿತು.

ಬೇಯ್ಲಿಯವರು ಕಪ್ಪು ಜನಾಂಗದವರು. ಬಾನುಲಿಗೆ ಕಿವಿಯುಂಟು, ಕಣ್ಣಿಲ್ಲ. ಕೇಳುವ ಮನೆಗಳಲ್ಲಿ ಅವರ ರೈಲು ಯಾವ ಬೇಲಿಯೂ ಇಲ್ಲದೆ ಓಡಿತು. ಆದರೆ ಬಿಳಿಯ ಗಾಯಕರೊಡನೆ ಊರೂರಿಗೆ ಹೋದಾಗ ಜೊತೆಯವರಿಗೆ ಸಿಕ್ಕುತ್ತಿದ್ದ ಹೋಟೆಲುಗಳಲ್ಲಿ ಅವರಿಗೆ ಕೋಣೆಯಿರಲಿಲ್ಲ. 1941ರಲ್ಲಿ ಹಾಡುಗಳ ಹಕ್ಕಿನ ಜಗಳವೆದ್ದು, ಅವರ ಹೆಸರುವಾಸಿ ಹಾಡುಗಳನ್ನು ಪ್ರಸಾರ ಮಾಡುವಂತಿಲ್ಲವೆಂದಾಯಿತು. ಅದೇ ವರುಷ ಅವರನ್ನು ಕಾರ್ಯಕ್ರಮದಿಂದ ತೆಗೆದುಹಾಕಿದರು. ಏರಿದ ಏಣಿಯನ್ನು ಒದ್ದಂತಾಯಿತು. ಹೆಸರು ಹುಟ್ಟಿದ್ದು ಯಾರ ಉಸಿರಿನಿಂದಲೋ ಅವರು ಬೂಟು ಪಾಲಿಷ್ ಮಾಡುವ ಅಂಗಡಿಯಿಟ್ಟು ಜೀವನ ಸಾಗಿಸಿದರು.

1943ರಲ್ಲಿ ಕಾರ್ಯಕ್ರಮವು ರೈಮನ್ ಮಂದಿರಕ್ಕೆ ಬಂತು. 1954ರ ಅಕ್ಟೋಬರ್ 2ರಂದು ಎಲ್ವಿಸ್ ಪ್ರೀಸ್ಲಿ ಎಂಬ 19 ವರುಷದ ಹುಡುಗ ಅಲ್ಲಿ ಹಾಡಿದನು. ಆ ವರುಷವೇ ಹೊರಬಂದಿದ್ದ ಅವನ ಮೊದಲನೆಯ ಗ್ರಾಮಫೋನ್ ತಟ್ಟೆಯನ್ನು ಗಮನಿಸಿ: ಒಂದು ಮಗ್ಗುಲಲ್ಲಿ ಕಪ್ಪು ಗಾಯಕ ಆರ್ಥರ್ ಕ್ರೂಡಪ್ ಅವರ ಬ್ಲೂಸ್ ಹಾಡು, ಇನ್ನೊಂದರಲ್ಲಿ ಬಿಳಿಯ ಗಾಯಕ ಬಿಲ್ ಮನ್ರೋ ಅವರ ಹಳ್ಳಿಹಾಡು. ರಾಕ್ ಸಂಗೀತ ಹುಟ್ಟಿದ್ದು ಇಂಥ ಎರಡು ಹೊಳೆಗಳ ಸಂಗಮದಲ್ಲಿ. ಸಭೆಯವರು ಅಂದು ಅವನನ್ನು ಅಷ್ಟಾಗಿ ಮೆಚ್ಚಲಿಲ್ಲ.

1974ರಲ್ಲಿ ಕಾರ್ಯಕ್ರಮ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ವೇದಿಕೆಯಿಂದ ಒಂದು ವೃತ್ತದಷ್ಟು ಹಲಗೆಯನ್ನು ಕೊಯ್ದು ಹೊಸ ವೇದಿಕೆಯಲ್ಲಿ ಕೂಡಿಸಿದರು. ಮರಕ್ಕೆ ಸಂದ ಈ ಗೌರವ ಮನುಷ್ಯನಿಗೆ ಸಲ್ಲಲು ತಡವಾಯಿತು. ಬೇಯ್ಲಿಯವರು 1982ರಲ್ಲಿ ತೀರಿಕೊಂಡರು. ನ್ಯಾಶ್‌ವಿಲ್ಲಿನ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ. ಕೆಡವುವ ಮಾತಿಗೂ ಈಡಾಗಿದ್ದ ರೈಮನ್ ಮಂದಿರವು ಉಳಿದುಕೊಂಡು, ಜೀರ್ಣೋದ್ಧಾರವಾಗಿ 1994ರಲ್ಲಿ ಮತ್ತೆ ಬಾಗಿಲು ತೆರೆಯಿತು. 2005ರಲ್ಲಿಯೇ ನೀಲ್ ಯಂಗ್ ಎಂಬ ರಾಕ್ ಗಾಯಕರು ಗಿಟಾರು, ಮೌತ್ ಆರ್ಗನ್ನುಗಳೊಡನೆ ಅಲ್ಲಿ ಕಚೇರಿ ನಡೆಸಿದರು.

ಆದುದರಿಂದ, ಮಹಾಶಯರೇ, ಆ ಬೆಂಚಿನ ಮೇಲೆ ಕುಳಿತಾಗ ಗಿಟಾರಿನ ಮೊರೆತಕ್ಕೆ ಕಿವಿ ಮುಚ್ಚಿಕೊಳ್ಳಬೇಡಿ. ಮೌತ್ ಆರ್ಗನ್ ನುಡಿದಾಗ ಒಂದು ಕ್ಷಣ ಕಣ್ಣು ಮುಚ್ಚಿರಿ. ಬಾನುಲಿ ಕೇಳುವವರಿಗೆ ಅದು ಹೊಸ ಅಭ್ಯಾಸವೇನಲ್ಲ. ದೂರದಲ್ಲಿ ಒಂದು ರೈಲು ಕೂಗಿದರೆ, ಅದನ್ನು ಓಡಿಸಿದವರ ಹೆಸರು ನಿಮಗೀಗ ಗೊತ್ತು.