ಕಾವು ಕೂರುವ ಹೇಂಟೆ ಮತ್ತು ಪ್ರೊಲ್ಯಾಕ್ಟಿನ್ ಜೀನು

ಪ್ರೊಲ್ಯಾಕ್ಟಿನ್ ಎಂಬ ಹೆಸರು ಹಾಲಿಗೆ ಸಂಬಂಧಿಸಿದುದು. ಆದರೆ ಅದು ದೊರೆತುದು ಮೊಲೆಯಿಲ್ಲದ ಪಕ್ಷಿಯಿಂದ. 1928ರಲ್ಲಿ ಸ್ಟ್ರಾಸ್‌ಬರ್ಗಿನ ಸ್ಟ್ರಿಕರ್ ಮತ್ತು ಗ್ರೂಟರ್ ಎಂಬವರು ಪಿಟ್ಯುಟರಿ ಗ್ರಂಥಿಯ ಮುಂಭಾಗದ ಸಾರವನ್ನು ಚುಚ್ಚಿ ಮೊಲಗಳಲ್ಲಿ ಹಾಲು ಬರಿಸಿದ್ದರು. ಅಂಥದೇ ಸಾರದಿಂದ ಪಾರಿವಾಳದ ಕೊರಳ ಬುಡದ ಮೇವುಚೀಲವು ದಪ್ಪಗಾಗಿ, ಮರಿಗಳಿಗೆ ಉಣಿಸುವ ‘ಹಾಲು’ ಉಂಟಾಗುವುದನ್ನು ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು ಕಂಡು, 1932-33ರಲ್ಲಿ ಆ ಹೆಸರನ್ನಿಟ್ಟರು. 1935ರಲ್ಲಿ ಅವರೇ ಹೇಂಟೆಗಳಿಗೆ ಪ್ರೊಲ್ಯಾಕ್ಟಿನ್ನನ್ನು ಕೊಟ್ಟು ಅವನ್ನು ಕಾವಿಗೆ ಕೂರಿಸಿದರು.

ಕಾವಿಗೆ ಕೂತ ಹೇಂಟೆ ಮೊಟ್ಟೆಯಿಡದು. ನಾಟಿ ಕೋಳಿ ಸಾಕುವ ನಮ್ಮ ಹಳ್ಳಿಯವರಿಗೆ ಕಾವು ಕೂರುವುದು ಗುಣ. ಮೊಟ್ಟೆಯ ವ್ಯಾಪಾರಿಗೆ ಅದೇ ದೋಷ. ಆದುದರಿಂದ ತಳಿಗಾರರು ಆರಿಸಿ ಆರಿಸಿ, ಬಿಳಿ ಲೆಗ್‌ಹಾರ್ನ್ ತಳಿಯಿಂದ ಈ ಸ್ವಭಾವವನ್ನು ಬಹುಮಟ್ಟಿಗೆ ತೊಲಗಿಸಿದರು. ಹಾಗೆ ತೊಲಗಿದುದು ಯಾವುದು? ಹಾರ್ಮೋನೇ, ಅದನ್ನು ಗ್ರಹಿಸುವ ಶಕ್ತಿಯೇ, ಅಥವಾ ಬೇರೊಂದೇ?

ಈ ಪ್ರಶ್ನೆಯನ್ನು ಜೀನಿನ ಮಟ್ಟದಲ್ಲಿ ಕೇಳಲು 1989ರವರೆಗೆ ಕಾಯಬೇಕಾಯಿತು. ಆ ವರ್ಷ ಸ್ಕಾಟ್ಲೆಂಡಿನಲ್ಲಿ ಹ್ಯಾಂಕ್ಸ್, ಶಾರ್ಪ್, ಸ್ಯಾಂಗ್ ಮೊದಲಾದವರೂ ಜಪಾನಿನಲ್ಲಿ ವತಾಹಿಕಿ ಮೊದಲಾದವರೂ ಕೋಳಿಯ ಪ್ರೊಲ್ಯಾಕ್ಟಿನ್ನಿನ ಅನುಕ್ರಮವನ್ನು ಪ್ರಕಟಿಸಿದರು. ಗ್ರಂಥಿಯಲ್ಲಿನ ಸಂದೇಶವಾಹಕ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿಯನ್ನು ತಯಾರಿಸಿ, ಅದನ್ನು ಬ್ಯಾಕ್ಟೀರಿಯಗಳಲ್ಲಿ ಬೆಳೆಸಿ, ಅಕ್ಷರ ಅಕ್ಷರವಾಗಿ ಓದುವುದು ಆ ಕ್ರಮ. ಮೊದಲು ಹುಟ್ಟುವ ಸರಪಣಿಯಲ್ಲಿ 229 ಅಮೈನೋ ಆಮ್ಲಗಳಿವೆ; ಮುಂದಿನ 30 ಕಳಚಿಹೋಗಿ 199 ಉಳಿಯುವುವು. ಕುರಿಯ ಪ್ರೊಲ್ಯಾಕ್ಟಿನ್ನಿನಲ್ಲಿಯೂ ಅಷ್ಟೇ ಇರುವುದು ನಮಗೆ ವಿಸ್ಮಯವನ್ನುಂಟುಮಾಡುತ್ತದೆ.

ಕಾವಿನ ಸ್ವಭಾವವು ಹುಂಜದ ಕಡೆಯಿಂದ ಬರುವುದೆಂದು ಹಳೆಯ ತಳಿಗಾರರಲ್ಲಿ ಹಲವರು ನಂಬಿದ್ದರು. ಹೇಂಟೆಗಿರುವ ಒಂದೇ ಝೆಡ್ ವರ್ಣತಂತು ತಂದೆಯಿಂದ ಬರತಕ್ಕದ್ದಾದುದರಿಂದ ಈ ನಂಬಿಕೆ ಅಸಂಗತವೇನಲ್ಲ. ಪ್ರೊಲ್ಯಾಕ್ಟಿನ್ನಿನ ಜೀನು ಎರಡನೆಯ ವರ್ಣತಂತುವಿನಲ್ಲಿದೆ. ಆದರೆ ಅದನ್ನು ಗ್ರಹಿಸುವ ಗ್ರಾಹಕದ ಜೀನು ಝೆಡ್‌ನಲ್ಲಿರುವುದು 1998ರಲ್ಲಿ ಪ್ರಕಟವಾದಾಗ ಹಳೆಯ ನಂಬಿಕೆಗೆ ಬಲ ಬಂದಂತಾಯಿತು. ಆ ಬಲ ಬಹುಕಾಲ ನಿಲ್ಲಲಿಲ್ಲ. ಲೆಗ್‌ಹಾರ್ನ್ ಮತ್ತು ಬ್ಯಾಂಟಮ್ ಕೋಳಿಗಳನ್ನು ಎರಡು ಕಡೆಯಿಂದಲೂ ಸಂಕರಿಸಿ ನೋಡಿದವರು, ಈ ಸಂಕರದಲ್ಲಿ ಝೆಡ್‌ನ ಯಾವ ಪ್ರಧಾನ ಜೀನೂ ಕಾವಿಗೆ ಕಾರಣವಲ್ಲವೆಂದು 2002ರಲ್ಲಿ ತಿಳಿಸಿದರು. ಇತರ ವರ್ಣತಂತುಗಳಲ್ಲಿ ಕನಿಷ್ಠ ಎರಡು ಜೀನುಗಳು, ಒಂದು ಕಾವನ್ನು ಪ್ರೇರಿಸುವುದು, ಇನ್ನೊಂದು ತಡೆಯುವುದು, ಇರಬೇಕೆಂದು ಅವರ ನಿರ್ಣಯ.

ಆದುದರಿಂದ ತಳಿಗಾರರು ಹಾರ್ಮೋನನ್ನೇ ಕಳೆದರೆಂಬ ಸುಲಭದ ಮಾತನ್ನು ನಾವು ಒಪ್ಪಲಾರೆವು. ಲೆಗ್‌ಹಾರ್ನಿನಲ್ಲಿಯೂ ಪ್ರೊಲ್ಯಾಕ್ಟಿನ್ ಉಂಟು. ಜೀನಿನ ಮುಂದಿರುವ ನಿಯಂತ್ರಕ ಭಾಗದಲ್ಲಿ 24 ಅಕ್ಷರಗಳ ಸೇರ್ಪಡೆಯೊಂದಿದ್ದು, ಅದಕ್ಕೂ ಮೊಟ್ಟೆಯಿಡುವಿಕೆಗೂ ಸಂಬಂಧವುಂಟೆಂದು 2006ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಎಲ್ಲ ತಳಿಗಳಲ್ಲಿ ಅದು ಒಂದೇ ತೆರನಾಗಿ ಕಂಡುಬಂದಿಲ್ಲ.