ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು: ಲೋಹದ ಗುಪ್ತ ಬಿರುಕು ಮತ್ತು ವಿರಳತೆಯ ಪ್ರಶ್ನೆ

ನಾಸಿಕ್ ಹತ್ತಿರದ ಓಝರ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಮಿಗ್-21ರಿಂದ ಸುಖೋಯ್-30 ಎಂಕೆಐವರೆಗೆ ಯುದ್ಧವಿಮಾನಗಳನ್ನು ಕಟ್ಟಿದೆ. ವಾಯುಪಡೆಯ 11ನೇ ಬೇಸ್ ರಿಪೇರ್ ಡಿಪೋ ಇರುವುದೂ ಅಲ್ಲಿಯೇ. ಛತ್ರಪತಿ ಸಂಭಾಜಿನಗರದ ವಾಳುಜ್‌ನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿವೆ. ಒಂದು ಕಡೆ ಹಾರಿ ದಣಿದ ಲೋಹ, ಇನ್ನೊಂದು ಕಡೆ ಆಗಷ್ಟೇ ಕುಲುಮೆಯಿಂದ ಬಂದ ಲೋಹ. ನಯವಾಗಿ ಕಾಣುವ ಈ ಭಾಗದಲ್ಲಿ ಬಿರುಕಿದೆಯೇ ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ವಿಧಾನಗಳ ಬಗ್ಗೆ ತಕರಾರಿಲ್ಲ. ಉಕ್ಕಿಗೆ ಕಾಂತೀಯ ಪುಡಿ ಒಗ್ಗುತ್ತದೆ. ಅಲ್ಯೂಮಿನಿಯಂ, ಟೈಟಾನಿಯಂಗಳಿಗೆ ಒಗ್ಗುವುದಿಲ್ಲ, ಅವಕ್ಕೆ ಎಡ್ಡಿ ಕರೆಂಟ್ ಅಥವಾ ಹೊಳೆಯುವ ದ್ರವದ ಪರೀಕ್ಷೆ ಬೇಕು. ಒಳಗಿನ ದೋಷಕ್ಕೆ ಅಲ್ಟ್ರಾಸೋನಿಕ್.

ತಕರಾರು ಇರುವುದು ಪತ್ತೆಯ ಖಾತರಿಯ ಬಗ್ಗೆ. 1969ರಲ್ಲಿ ಎಫ್-111 ವಿಮಾನದ ರೆಕ್ಕೆ ಮುರಿದ ಬಳಿಕ, ಲೋಹದಲ್ಲಿ ಬಿರುಕು ಇದ್ದೇ ಇದೆಯೆಂದು ಭಾವಿಸಿ ವಿನ್ಯಾಸ ಮಾಡುವ ಪದ್ಧತಿ ಬೇರೂರಿತು. ಶೇ. 95ರ ವಿಶ್ವಾಸದಲ್ಲಿ ಶೇ. 90ರಷ್ಟು ಸಲವಾದರೂ ಸಿಗುವ ಬಿರುಕಿನ ಉದ್ದವೇ ಅದರ ಅಳತೆಗೋಲು. ಇದರ ಸರಳ ಪರೀಕ್ಷೆಯಲ್ಲಿ 29 ಬಿರುಕುಗಳನ್ನು ಕೊಟ್ಟು, 29ನ್ನೂ ಹಿಡಿದರೆ ತೇರ್ಗಡೆ. ಪತ್ತೆಯ ಸಂಭವ ನಿಜಕ್ಕೂ 0.9 ಮಾತ್ರ ಇದ್ದರೆ ಎಲ್ಲವನ್ನೂ ಹಿಡಿಯುವ ಸಾಧ್ಯತೆ 0.047, ಅಂದರೆ ಶೇ. 5ಕ್ಕಿಂತ ಕಡಿಮೆ. ಗಣಿತದಲ್ಲಿ ತಪ್ಪಿಲ್ಲ.

ಆದರೆ ಕೆಲಸದ ಜಾಗದಲ್ಲಿ ಏನಾಗುತ್ತದೆ ಎಂದು ನೋಡಲು ಸಂಶೋಧಕ ಲೂಯಿಸ್ ಮತ್ತು ಸಂಗಡಿಗರು ಬಿರುಕಿನ ಮಾದರಿಗಳನ್ನು ಅಮೆರಿಕದ ವಾಯುನೆಲೆಗಳಿಗೆ ಒಯ್ದು ಅಲ್ಲಿನ ತಂತ್ರಜ್ಞರ ಕೈಗೇ ಕೊಟ್ಟರು. 1978ರ ಅವರ ವರದಿಯ ಪ್ರಕಾರ ಫಲಿತಾಂಶ ನಿರೀಕ್ಷೆಗಿಂತ ಬಹಳ ಕೆಳಗಿತ್ತು. ತರಬೇತಿ ಸಾಲದು, ಉಪಕರಣ ಸಾಲದು ಎಂದೇ ಅದನ್ನು ಸಾಮಾನ್ಯವಾಗಿ ಓದಲಾಗಿದೆ. ಈ ಓದು ಅರ್ಧ ಸತ್ಯ ಎಂಬುದು ನನ್ನ ವಾದ. ಮಾದರಿ ಕೈಗೆ ಬಂದಾಗಲೇ ಅದರಲ್ಲಿ ಬಿರುಕು ಇರಬಹುದೆಂದು ತಂತ್ರಜ್ಞನಿಗೆ ಗೊತ್ತಿತ್ತು. ಹ್ಯಾಂಗರ್‌ನಲ್ಲಿ ಆ ಸುಳಿವು ಸಿಗುವುದಿಲ್ಲ.

ಕತ್ತಲೆ ಕೋಣೆಯ ಕೆಲಸವನ್ನೇ ನೋಡಿ. ಕಣ್ಣು ಕತ್ತಲೆಗೆ ಒಗ್ಗಲು ಕನಿಷ್ಠ ಒಂದು ನಿಮಿಷ ಕಾಯಬೇಕು. ಭಾಗಕ್ಕೆ ಕಾಂತತ್ವ ಕೊಟ್ಟು, ಹೊಳೆಯುವ ಲೇಪದ ಕಬ್ಬಿಣದ ಪುಡಿ ಬೆರೆತ ಎಣ್ಣೆ ಹರಿಸಿದರೆ ಅತಿನೇರಳೆ ಬೆಳಕಿನಡಿ ಹಸಿರುಹಳದಿ ಕೂದಲೆಳೆಯೊಂದು ಮೂಡಬಹುದು. ನೂರಾರು ಭಾಗಗಳು ಹೀಗೆ ಕೈದಾಟಿದರೂ ಒಂದರಲ್ಲೂ ಎಳೆ ಮೂಡದಿದ್ದಾಗ, ಮುಂದಿನ ಎಳೆಯನ್ನು ಕಣ್ಣು ಗೀರು ಎಂದುಕೊಳ್ಳುವುದು ಸುಲಭ.

2005ರಲ್ಲಿ ವುಲ್ಫ್ ಮತ್ತು ಸಹಲೇಖಕರು 'ನೇಚರ್' ಪತ್ರಿಕೆಯಲ್ಲಿ ವಿರಳತೆಯ ಈ ಪ್ರಭಾವವನ್ನು ಅಳೆದು ತೋರಿಸಿದರು. ಬ್ಯಾಗಿನ ಎಕ್ಸ್‌ರೇಯನ್ನು ಹೋಲುವ ಚಿತ್ರಗಳಲ್ಲಿ ಹುಡುಕುವ ವಸ್ತು ಶೇ. 50ರಷ್ಟು ಸಲ ಇದ್ದಾಗ ತಪ್ಪಿಹೋದದ್ದು ಶೇ. 7, ಶೇ. 1ರಷ್ಟು ಸಲ ಮಾತ್ರ ಇದ್ದಾಗ ಶೇ. 30. ವಸ್ತುವೂ ಅದೇ, ಕಣ್ಣೂ ಅದೇ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ 112 ಜನರನ್ನು ಬಲಿ ಪಡೆದ ಡಿಸಿ-10 ವಿಮಾನ ದುರಂತಕ್ಕೆ ಎಂಜಿನ್‌ನ ಟೈಟಾನಿಯಂ ಫ್ಯಾನ್ ಡಿಸ್ಕಿನ ಬಿರುಕು ಕಾರಣ. ಹಿಂದಿನ ವರ್ಷದ ತಪಾಸಣೆಯ ಹೊತ್ತಿಗೇ ಅದು ಸುಮಾರು ಅರ್ಧ ಇಂಚು ಉದ್ದವಿತ್ತೆಂದು ತನಿಖೆ ಅಂದಾಜಿಸಿತು. ಅಂಥ ಡಿಸ್ಕಿನಲ್ಲಿ ಬಿರುಕು ಸಿಕ್ಕೀತೆಂಬ ನಿರೀಕ್ಷೆಯೇ ತಪಾಸಕರಿಗೆ ಕಡಿಮೆ ಇದ್ದಿರಬಹುದು ಎಂದೂ ಗುರುತಿಸಿತು.

ಹೀಗಾಗಿ 1978ರ ಅಂಕಿಗಳನ್ನು ತಳವೆಂದು ಓದಬಾರದು, ಮೇಲ್ಮಿತಿಯೆಂದು ಓದಬೇಕು ಎಂದು ಸೂಚಿಸುತ್ತೇನೆ. ಇದನ್ನು ಎಚ್ಚರದಿಂದಲೇ ಹೇಳಬೇಕಾಗಿದೆ. ವುಲ್ಫ್ ಪ್ರಯೋಗದಲ್ಲಿ ಭಾಗವಹಿಸಿದವರು ವೃತ್ತಿಪರ ತಪಾಸಕರಲ್ಲ. ಕಣ್ಣಿನ ಹುಡುಕಾಟದ ನಿಯಮ ಎಡ್ಡಿ ಕರೆಂಟ್ ಪ್ರೋಬ್ ಹಿಡಿದ ಕೈಗೂ ಅಷ್ಟೇ ಪ್ರಮಾಣದಲ್ಲಿ ಅನ್ವಯಿಸಬೇಕೆಂದಿಲ್ಲ. ವಾಯುನೆಲೆಗಳ ತಂತ್ರಜ್ಞರಲ್ಲಿ ಪರೀಕ್ಷೆ ನಡೆಯುತ್ತಿದೆಯೆಂಬ ಅಳುಕೂ ಕೆಲವರ ಅಂಕ ಇಳಿಸಿರಬಹುದು. ಸೂ ಸಿಟಿಯ ಡಿಸ್ಕನ್ನು ಕೇಬಲ್‌ನಿಂದ ತೂಗುಹಾಕಿದ್ದರಿಂದ ಬಿರುಕಿನ ಜಾಗ ಮರೆಯಾಗಿರುವ ಸಾಧ್ಯತೆಯನ್ನೂ ಅದೇ ತನಿಖೆ ಎತ್ತಿತ್ತು. ಓಝರ್, ವಾಳುಜ್‌ಗಳ ತಪಾಸಣೆಯ ಗುಣಮಟ್ಟದ ಬಗ್ಗೆ ಈ ಲೇಖನ ತೀರ್ಪು ಕೊಡುವುದಿಲ್ಲ; ವಿರಳತೆ ಎರಡೂ ಕಡೆ ಕಾಡುವ ರೀತಿಯನ್ನಷ್ಟೇ ಗಮನಿಸುತ್ತದೆ.

ವಾಳುಜ್‌ನಂಥ ಉತ್ಪಾದನಾ ಸಾಲಿನಲ್ಲಿ ಬಿರುಕಿರುವ ಗುರುತಿನ ಭಾಗವೊಂದನ್ನು ತಿಳಿಸದೆ ನಡುನಡುವೆ ಸೇರಿಸಬಹುದು. ವಿಮಾನ ನಿಲ್ದಾಣಗಳ ಎಕ್ಸ್‌ರೇ ಪರದೆಯಲ್ಲಿ ಕೃತಕ ಆಯುಧದ ಚಿತ್ರ ತೂರಿಸುವುದೂ ಇದೇ ತತ್ತ್ವ. ಓಝರ್‌ನ ಬಿಚ್ಚಿಟ್ಟ ವಿಮಾನದಲ್ಲಿ ಇದು ಸುಲಭವಲ್ಲ. ಎಡ್ಡಿ ಕರೆಂಟ್ ಸಂಕೇತ ಕೈಯ ವೇಗದಿಂದಲೂ ಪ್ರೋಬ್ ಕೊಂಚ ಮೇಲೆದ್ದರೂ ಬದಲಾಗುತ್ತದೆ. ಪರದೆಗೆ ತೂರಿಸಿದ ಕೃತಕ ಬಿರುಕು ಅನುಭವಸ್ಥನಿಗೆ ಥಟ್ಟನೆ ಗೊತ್ತಾಗಬಹುದು. ನಿಜವಾಗಿ ಬಿರುಕು ಬಿಟ್ಟ ಭಾಗವನ್ನೇ ಬಳಸಿದರೆ, ಅದು ತಪ್ಪಿ ವಿಮಾನಕ್ಕೆ ಮರಳದಂತೆ ಲೆಕ್ಕ ಇಡುವುದು ಹೇಗೆಂಬುದು ಇನ್ನೂ ಬಗೆಹರಿಯಬೇಕು.